ಮೂರು ಚುಕ್ಕಿಯ ಹಿಂದೆ ನಾಗಿ ಅತ್ತೆ

ರಮಾನಂದ ತೀರಿಕೊಂಡ. ಈ ಸಲ ನಿಜ.

‘ಈ ಸಲ’ ಅನ್ನುವುದನ್ನು ಸೇರಿಸಿಯೇ ಹೇಳಬೇಕಾಯಿತು. ಸುದ್ದಿ ತಿಳಿಸಲು ಕುಮಟೆಗೆ ಫೋನು ಮಾಡಿದರೆ ಅಲ್ಲಿಯ ಹಳೆಯ ಗಿರಾಕಿಯೊಬ್ಬ, “ಪುಟ ಇನ್ನೊಂದು ಸಲ ಸರಿಯಾಗಿ ನೋಡಿ ಮಾರಾಯ್ರೇ” ಅಂದ. ಭಟ್ಕಳದ ಬೀಗರು, “ಹೋದ ಸಲ ಹಾರ ಹಿಡ್ಕೊಂಡು ಮಂಕಿ ತನಕ ಬಂದು ವಾಪಸ್ ಹೋಗಿದ್ದೇವೆ, ನೀವು ಮೊದಲು ಅವರ ಹೆಂಡತಿಗೆ ಫೋನು ಕೊಡಿ” ಅಂದರು. ಮಾದೇವಿ ಫೋನು ತೆಗೆದುಕೊಂಡು “ಹೌದು” ಅಂದಳು. ಆಮೇಲೆ ನಂಬಿದರು. ಒಬ್ಬ ಮನುಷ್ಯ ತನ್ನ ಸಾವಿನ ಸುದ್ದಿಯನ್ನು ತಾನೇ ಇಷ್ಟು ಸವೆಸಿಟ್ಟು ಹೋದದ್ದು ಹೇಗೆ ಅನ್ನುವುದನ್ನು ಬರೆದಿಡಬೇಕು. ಅವನಿದ್ದರೆ ಅವನೇ ಹೇಳುತ್ತಿದ್ದ, ಇನ್ನಷ್ಟು ಕೈಕಾಲು ಸೇರಿಸಿ.

ಹೊನ್ನಾವರದ ಬಂದರು ರಸ್ತೆಯಲ್ಲಿ ರಮಾನಂದನ ಸಣ್ಣ ಮುದ್ರಣಾಲಯ. ಮದುವೆ, ಗೃಹಪ್ರವೇಶ, ಬೋಟಿನ ಪೂಜೆ, ಯಾವುದೇ ಇರಲಿ, ಅಲ್ಲಿ ಅಚ್ಚಾಗುತ್ತಿದ್ದದ್ದು ಆಮಂತ್ರಣ ಪತ್ರಿಕೆ ಮಾತ್ರ. ಮನುಷ್ಯ ಹುಟ್ಟಾ ಭಯಸ್ಥ. ಪತ್ರಿಕೆ ಅಚ್ಚಾಗಿ, ಹಂಚಿ, ಮದುವೆ ಮುಗಿದು, ಆ ದಂಪತಿಗೆ ಮಕ್ಕಳಾದ ಮೇಲೂ ಅದರಲ್ಲಿ ಯಾರ ಹೆಸರು ಬಿಟ್ಟುಹೋಯಿತೋ ಎಂದು ನಿದ್ದೆಗೆಡುವ ಪೈಕಿ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ಕಂಡವರಿಗೆ ಇದು ಅತಿ ಅನಿಸಲಿಕ್ಕಿಲ್ಲ. ಗಂಡು, ಹೆಣ್ಣು, ಮುಹೂರ್ತ ಇವೆಲ್ಲ ಮೇಲೆ ಎಲ್ಲೋ ಒಂದು ಕಡೆ ಇರುತ್ತವೆ. ಪತ್ರಿಕೆಯ ಜೀವ ಇರುವುದು ಕೆಳಗಿನ ‘ಸುಖಾಗಮನ ಬಯಸುವವರು’ ಎಂಬಲ್ಲಿ. ಕೈಗೆ ಬಂದೊಡನೆ ಮೊದಲು ತನ್ನ ಹೆಸರು ಹುಡುಕುವುದು, ಆಮೇಲೆ ತನಗಾಗದವನ ಹೆಸರು ತನಗಿಂತ ಮೇಲಿದೆಯೋ ಕೆಳಗಿದೆಯೋ ನೋಡುವುದು. ಮುಹೂರ್ತವನ್ನು ಆಮೇಲೆ ಯಾರಲ್ಲಾದರೂ ಕೇಳಿದರಾಯಿತು.

ಇಂಥವನ ಒಬ್ಬಳೇ ಮಗಳು ಧನ್ಯಾಳ ಮದುವೆ ಭಟ್ಕಳದ ಕಿರಣನ ಜೊತೆ ನಿಶ್ಚಯವಾದಾಗ ರಮಾನಂದನಿಗೆ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಕಾಗದಕ್ಕೆ ಅಂಚಿದೆ. ಅಂಚು ಇದ್ದಲ್ಲಿ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಆದ್ದರಿಂದ ಪತ್ರಿಕೆಯ ಬದಲು ವೆಬ್ ಪುಟ. ಕೊರೋನಾದಲ್ಲಿ ಅಂಗಡಿ ಬಾಗಿಲು ಹಾಕಿದ್ದಾಗ ಫೋನಿನಲ್ಲಿ ನೋಡಿ ನೋಡಿ ಅವನು ಆ ವಿದ್ಯೆಯನ್ನು ಅರ್ಧಂಬರ್ಧ ಕಲಿತಿದ್ದ (ಆಗ ಊರೆಲ್ಲ ರೊಟ್ಟಿ, ಕೇಕು ಕಲಿತಿತ್ತು).

“ವೆಬ್ ಪುಟಕ್ಕೆ ಅಂಚೇ ಇಲ್ಲ ಮಾದೇವಿ,” ಅಂದ. “ಕುಮಟೆಯಿಂದ ಭಟ್ಕಳದ ತನಕ ಇರುವ ಎಲ್ಲಾ ನೆಂಟರೂ ಹಿಡಿಸ್ತಾರೆ.”

“ಎಂತ ಹಿಡಿಸ್ತಾರೋ ಏನೋ. ನಮ್ಮ ನೆಂಟರು ಕಲ್ಯಾಣ ಮಂಟಪದಲ್ಲೇ ಹಿಡಿಸೂದಿಲ್ಲ, ಹೋದ ವರ್ಷ ತಿಮ್ಮಣ್ಣನ ಮಗನ ಮದುವೇಲಿ ಊಟದ ಪಂಕ್ತಿ ರಸ್ತೆಗೆ ಬಂದು, ಆ ಬಸ್ಸಿನವ ಹಾರ್ನ್ ಹೊಡೆದು, ಅದಕ್ಕೆ ನಾಗಿ ಅತ್ತೆ ಎದ್ದು…”

“ಆತು,” ಅಂದ ರಮಾನಂದ.

ಇದು ಅವನ ಅಭ್ಯಾಸ. ಮಾದೇವಿಯ ಮಾತು ಉದ್ದ. ಮೀನು ಕೊಯ್ಯುವಾಗ ಶುರುವಾದದ್ದು ಸಾರು ಕುದಿದ ಮೇಲೂ ಮುಗಿಯುತ್ತಿರಲಿಲ್ಲ. ಅವನು ನಡುವೆ ಎಲ್ಲೋ ಒಂದು ಕಡೆ “ಆತು” ಎಂದು ಕತ್ತರಿ ಹಾಕುತ್ತಿದ್ದ. ಮದುವೆಯಾದಾಗಿನಿಂದ ಅವಳ ಒಂದು ಕಥೆಯ ತುದಿಯನ್ನೂ ಅವನು ಕಂಡವನಲ್ಲ.

ಪುಟ ಸಿದ್ಧವಾಯಿತು. ಎಡಕ್ಕೆ ಹೆಣ್ಣಿನ ಕಡೆ, ಬಲಕ್ಕೆ ಗಂಡಿನ ಕಡೆ. ಒಂದೊಂದು ಹೆಸರಿಗೂ ಬಂಗಾರ ಬಣ್ಣದ ಗೆರೆಯ ಒಂದೊಂದು ಪೆಟ್ಟಿಗೆ. ಎಲ್ಲ ಪೆಟ್ಟಿಗೆಯೂ ಒಂದೇ ಅಗಲ, ಒಂದೇ ಎತ್ತರ. ಒಬ್ಬರಿಗೆ ದೊಡ್ಡದು ಒಬ್ಬರಿಗೆ ಸಣ್ಣದು ಮಾಡಿದರೆ ನೆಂಟಸ್ತಿಕೆ ಉಳಿಯಬೇಕಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಪುಟ ದೇವರ ಮಂಟಪದ ಹಾಗೆ ಕಂಡಿತು. ರಮಾನಂದ ಕೊಂಡಿಯನ್ನು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿ, ಚಹಾ ಕುಡಿಯಲು ಹೋದ.

ಅವನು ಮರೆತದ್ದು ಇಷ್ಟೇ. ನೆಂಟರಲ್ಲಿ ಯಾರ ಹತ್ತಿರವೂ ಕಂಪ್ಯೂಟರ್ ಇರಲಿಲ್ಲ.

ಫೋನಿನ ಅಂಗೈಯಗಲದ ಪರದೆಯಲ್ಲಿ ಪೆಟ್ಟಿಗೆಗಳು ಕುಗ್ಗಿದವು, ಹೆಸರುಗಳು ಕುಗ್ಗಲಿಲ್ಲ. ಮಾದೇವಿಯ ಅಣ್ಣ ಹೊಳನಗದ್ದೆಯ ತಿಮ್ಮನ ಹೆಸರು ‘ಬೋಟ್ ಮಾಲೀಕರು’ ಎಂಬ ಬಿರುದಿನ ಸಮೇತ ಪೆಟ್ಟಿಗೆಯ ಗೆರೆ ದಾಟಿ, ಗಡಿ ದಾಟಿ, ಬಲಗಡೆಯ ಗಂಡಿನ ತಂದೆ ಸಂಜಯರ ಹೆಸರಿನ ಮೇಲೆ ಹೋಗಿ ಮಲಗಿತು. ಸಂಜಯರು ಸಹಕಾರಿ ಸಂಘದಲ್ಲಿ ಗುಮಾಸ್ತರು. ನೀರು ಕಂಡರೆ ತಲೆ ತಿರುಗುವವರು. ಮಧ್ಯಾಹ್ನದೊಳಗೆ ಭಟ್ಕಳದವರೆಲ್ಲ ಅವರಿಗೆ ಬೋಟು ಯಾವಾಗ ತಗೊಂಡಿರಿ, ನಮಗೆ ಹೇಳಲೇ ಇಲ್ಲವಲ್ಲ ಎಂದು ಫೋನು ಮಾಡಿದರು.

ರಮಾನಂದ ಅಂಗಡಿಗೆ ಓಡಿದ. ಹುಡುಕಿದ, ಒಂದು ಉಪಾಯ ಸಿಕ್ಕಿತು. ಪೆಟ್ಟಿಗೆಯಿಂದ ಹೊರಗೆ ಬಂದ ಅಕ್ಷರಗಳನ್ನು ಅಡಗಿಸಿ, ಕಡಿದ ಜಾಗದಲ್ಲಿ ಮೂರು ಚುಕ್ಕಿ ಇಡುವ ಆಜ್ಞೆ ಅದು. ಬರೆಯಲು ಒಂದೇ ಸಾಲು. ಹಾಕಿದ ಕೂಡಲೇ ಪುಟ ತೊಳೆದಿಟ್ಟ ಹಾಗಾಯಿತು. ಎಲ್ಲರೂ ತಂತಮ್ಮ ಪೆಟ್ಟಿಗೆಯೊಳಗೆ. ಅವನು ಉಸಿರು ಬಿಟ್ಟು ಮನೆಗೆ ಬಂದರೆ ಮಾದೇವಿ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು.

“ನಾಗಿ ಅತ್ತೆ ಎಲ್ಲಿ?”

“ಅಲ್ಲೇ ಇದ್ದಾಳಲ್ಲ.”

“ಎಲ್ಲಿ?”

ರಮಾನಂದ ನೋಡಿದ. ಮಾವಳ್ಳಿಯ ನಾಗಿ ಅತ್ತೆಯ ಪೂರ್ತಿ ಸಾಲು ಹೀಗಿತ್ತು: ‘ದಿವಂಗತ ದಾಸ ಜಟ್ಟಪ್ಪ ಇವರ ಧರ್ಮಪತ್ನಿ ಶ್ರೀಮತಿ ನಾಗಿ, ಮಾವಳ್ಳಿ’. ಪರದೆಯ ಮೇಲೆ ಉಳಿದದ್ದು ‘ದಿವಂಗತ ದಾಸ ಜಟ್ಟಪ್ಪ…’ ಅಷ್ಟೇ.

“ಚುಕ್ಕಿ ಹಿಂದೆ ಇದ್ದಾಳೆ,” ಅಂದ, ಸಣ್ಣ ದನಿಯಲ್ಲಿ.

“ಓಹೋ. ಬದುಕಿದ ಅತ್ತೆ ಚುಕ್ಕಿ ಹಿಂದೆ, ಸತ್ತ ಮಾವ ಮುಂದೆ ನಿಂತು ‘ನಿಮ್ಮ ಸುಖಾಗಮನ ಬಯಸ್ತೇನೆ’ ಹೇಳ್ತಿದ್ದಾನೆ. ಎಲ್ಲಿಗೆ ಬರೂಕೆ ಕರೀತಾನೆ ಅವ? ಮಂಟಪಕ್ಕಾ, ಇಲ್ಲಾ ಅವ ಇದ್ದಲ್ಲಿಗಾ?”

ರಮಾನಂದ ಹೆದರಿ ಫೋನನ್ನು ಅಡ್ಡ ತಿರುಗಿಸಿ ನೋಡಿದ, ಅತ್ತೆ ಚುಕ್ಕಿಯಿಂದ ಹೊರಗೆ ಬರುತ್ತಾಳೋ ಎಂದು.

ನಾಗಿ ಅತ್ತೆ ಯಾರೋ ಒಬ್ಬಳು ಅತ್ತೆಯಾಗಿದ್ದರೆ ಇಷ್ಟು ಹೆದರುವ ಕಾರಣವಿರಲಿಲ್ಲ. ತಾಯಿ ಇಲ್ಲದ ಮಾದೇವಿಯನ್ನು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮುರ್ಡೇಶ್ವರ ಸುತ್ತಿ ಸಾಕಿದ ಸೋದರತ್ತೆ ಅವಳು. ಮದುಮಗಳಿಗೆ ಮೊದಲ ಎಣ್ಣೆ ಅರಿಶಿನ ಹಚ್ಚುವ ಕೈ ಆ ಮನೆತನದಲ್ಲಿ ಅವಳದ್ದೇ. ಅವಳು ಹಚ್ಚದೆ ಧನ್ಯಾಳನ್ನು ಮಣೆಗೆ ಕೂರಿಸುವುದಿಲ್ಲ ಎಂದು ಮಾದೇವಿ ಹೇಳಿದಳು. ಅವಳು ಅದನ್ನು ಕೂಗಾಡದೆ ಹೇಳಿದ್ದರಿಂದ ರಮಾನಂದನಿಗೆ ಅದು ನಿಜವೆಂದು ಗೊತ್ತಾಯಿತು.

ಸಂಜೆಗೆ ನಾಗಿ ಅತ್ತೆಯ ಸೊಸೆ ಗಾಯತ್ರಿಯ ಫೋನು ಬಂತು. “ಅತ್ತೆ ಹೇಳೂಕೆ ಹೇಳಿದ್ದಾರೆ. ಅರ್ಧ ಕರೆದಲ್ಲಿಗೆ ಅರ್ಧ ಹೋಗೂಕೆ ಅವರಿಗೆ ಬರೂದಿಲ್ಲವಂತೆ.”

“ಅವರಿಗೆ ಓದೂಕೆ ಬರೂದಿಲ್ಲವಲ್ಲ ತಂಗಿ,” ರಮಾನಂದ ಕೊನೆಯ ಹುಲ್ಲುಕಡ್ಡಿ ಹಿಡಿದ. “ಹೆಸರು ಕಡಿದದ್ದು ಹೆಂಗೆ ಗೊತ್ತಾತು?”

“ಬೆರಳಲ್ಲಿ ಅಳೆದ್ರು. ತಿಮ್ಮ ಮಾವನದು ಅವರದಕ್ಕಿಂತ ಒಂದು ಉಗುರು ಉದ್ದ ಬಂತು.”

ಅಲ್ಲಿಂದ ಮುಂದಿನ ದಿನಗಳು ರಮಾನಂದನಿಗೆ ಅಗ್ನಿದಿವ್ಯ. ಅಕ್ಷರವನ್ನೇ ಸಣ್ಣದು ಮಾಡಿದ. ಹೆಸರುಗಳೆಲ್ಲ ಹಿಡಿಸಿದವು, ಆದರೆ ಸಾಲು ಸಾಲು ಇರುವೆ ಹೋದ ಹಾಗೆ ಕಂಡಿತು. ತಿಮ್ಮ ಫೋನು ಮಾಡಿ, “ಭಾವ, ನನ್ನ ಹೆಸರು ಓದೂಕೆ ಕುಮಟೆಯ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ” ಅಂದ. ಪೆಟ್ಟಿಗೆಯೊಳಗೆ ಹೆಸರನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಓದುವ ಹಾಗೆ ಮಾಡಿದ. “ನೆಂಟರನ್ನ ದಬ್ಬಿ ದಬ್ಬಿ ನೋಡಬೇಕಾ?” ಅಂದಳು ಮಾದೇವಿ. ಪೆಟ್ಟಿಗೆಯ ಕೆಳಗೆ ‘ಮುಂದೆ ಓದಿ’ ಎಂಬ ಗುಂಡಿ ಇಟ್ಟ. ಒತ್ತಿದರೆ ಉಳಿದ ಹೆಸರು ಹೊರಗೆ ಬರುತ್ತಿತ್ತು.

“ನಾಗಿ ಅತ್ತೆ ಎಂತ ಬಾಗಿಲ ಹಿಂದೆ ನಿಂತಿದ್ದಾಳಾ, ಬೆಲ್ ಒತ್ತಿದ್ರೆ ಬರೂಕೆ?”

“ಜಗತ್ತೆಲ್ಲ ಹೀಗೇ ಮಾಡೂದು ಮಾರಾಯ್ತಿ. ಉದ್ದ ಇದ್ದದ್ದನ್ನ ಸ್ವಲ್ಪ ತೋರಿಸೂದು, ಬೇಕಾದವರು ಒತ್ತಿ ಓದೂದು.”

“ಗೊತ್ತುಂಟು. ನನ್ನ ಮಾತಿಗೂ ಅದೇ ಮಾಡ್ತೀರಿ. ಇಷ್ಟು ವರ್ಷದಲ್ಲಿ ಒಂದು ಸಲ ಆದ್ರೂ ಒತ್ತಿ ನೋಡಿದ್ದೀರಾ ನೀವು, ಹಿಂದೆ ಎಂತ ಉಂಟು ಅಂತ?”

“ಆತು,” ಅಂದ ರಮಾನಂದ, ಮತ್ತೆ ಪರದೆಯ ಕಡೆ ತಿರುಗಿದ.

ಕೊನೆಗೆ ಗೊತ್ತಾಯಿತು ತಪ್ಪು ಎಲ್ಲಿ ಎಂದು. ಜೀವಮಾನವಿಡೀ ಕಾರ್ಡು ಅಚ್ಚು ಮಾಡಿದವನ ತಪ್ಪು ಅದು. ಅಂಚಿಲ್ಲದ ಪುಟ ಬೇಕೆಂದು ಹೊರಟವನು ಅಭ್ಯಾಸಬಲದಿಂದ ಒಂದೊಂದು ಪೆಟ್ಟಿಗೆಯನ್ನೂ ಒಂದೊಂದು ಕಾರ್ಡು ಎಂದೇ ಎಣಿಸಿ ಅದಕ್ಕೆ ಎತ್ತರ ಕಟ್ಟಿಟ್ಟಿದ್ದ. ಸಾಲು ಮುರಿಯಬಾರದೆಂದು ಬೇರೆ ಅಪ್ಪಣೆ ಕೊಟ್ಟಿದ್ದ. ಎರಡನ್ನೂ ತೆಗೆದುಹಾಕಿದರೆ ಹೆಸರು ತಾನಾಗಿ ಎರಡನೆಯ ಸಾಲಿಗೆ ಇಳಿಯುತ್ತದೆ, ಪೆಟ್ಟಿಗೆ ತಾನಾಗಿ ಬೆಳೆಯುತ್ತದೆ, ಪಕ್ಕದ ಪೆಟ್ಟಿಗೆಯೂ ಅದರ ಸಮಕ್ಕೆ ಬೆಳೆಯುತ್ತದೆ. ಯಾರನ್ನೂ ಕಡಿಯಬೇಕಾಗಿಲ್ಲ.

ಆ ದಿನ ಮಾದೇವಿ ಧನ್ಯಾಳನ್ನು ಕರೆದುಕೊಂಡು ರವಿಕೆ ತರಲು ಕುಮಟೆಗೆ ಹೋಗಿದ್ದಳು. ತನ್ನ ಫೋನನ್ನು ಪರೀಕ್ಷೆಗಾಗಿ ಗಂಡನಿಗೆ ಬಿಟ್ಟುಹೋಗಿದ್ದಳು, ಮನೆಯಲ್ಲಿ ಎಲ್ಲಕ್ಕಿಂತ ಕಿರಿದಾದ ಪರದೆ ಅವಳದ್ದೇ ಎಂದು. ರಮಾನಂದ ಕಟ್ಟು ಬಿಚ್ಚಿದ. ಆದರೆ ಭಯಸ್ಥನಿಗೆ ಸಮಾಧಾನವೆಲ್ಲಿ? ಇನ್ನೂ ಉದ್ದದ ಹೆಸರು ಬಂದರೆ? ಒತ್ತಕ್ಷರಗಳ ಕಾಲು ಕೆಳಗಿನ ಗೆರೆಗೆ ತಾಗಿದರೆ? ಪರೀಕ್ಷೆ ಆಗಲೇಬೇಕು. ಇದ್ದುದರಲ್ಲಿ ಉದ್ದದ ಮಾದರಿ ನಾಗಿ ಅತ್ತೆಯದು, ಅದನ್ನು ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆಯಲ್ಲಿ ಹಾಕಿ ನೋಡಬೇಕು. ‘ದಿವಂಗತ’ ಎಂಬುದನ್ನು ಬದುಕಿರುವ ನೆಂಟರ ಹೆಸರಿಗೆ ಅಂಟಿಸುವ ಧೈರ್ಯ ಯಾರಿಗಿದೆ? ಮೇಲಿನ ಪೆಟ್ಟಿಗೆ ಹೇಗೂ ತನ್ನದೇ. ಸುರಕ್ಷಿತ. ಹಾಗಾಗಿ ಬರೆದ: ‘ದಿವಂಗತ ಶ್ರೀ ರಮಾನಂದ, ಮುದ್ರಣಾಲಯದ ಮಾಲೀಕರು, ಇವರ ಧರ್ಮಪತ್ನಿ ಶ್ರೀಮತಿ ಮಾದೇವಿ, ಬಂದರು ರಸ್ತೆ, ಹೊನ್ನಾವರ’.

ಮಾದೇವಿಯ ಫೋನಿನಲ್ಲಿ ತೆರೆದು ನೋಡಿದ. ಎಷ್ಟು ಚೆಂದ ಬಂದಿತ್ತು. ಸಾಲು ನಯವಾಗಿ ಇಳಿದಿತ್ತು, ಪೆಟ್ಟಿಗೆ ಉಸಿರು ತೆಗೆದುಕೊಂಡ ಹಾಗೆ ಹಿಗ್ಗಿತ್ತು, ‘ಶ್ರೀ’ ಕಾರದ ಕಾಲು ಗೆರೆಯ ಮೇಲೆ ನಿಶ್ಚಿಂತೆಯಾಗಿ ನಿಂತಿತ್ತು. ರಮಾನಂದ ಕಣ್ತುಂಬ ನೋಡಿದ. ನೋಡಿದ ಮಾತ್ರ. ಅಚ್ಚಿನ ಕೆಲಸದವನು ಅಕ್ಷರವನ್ನು ನೋಡುತ್ತಾನೆ, ಓದುವುದು ಗಿರಾಕಿಯ ಕೆಲಸ. ಆ ಖುಷಿಯಲ್ಲಿ ಎಲ್ಲ ಗುಂಪುಗಳಿಗೂ ಸಂದೇಶ ಹಾಕಿದ: ‘ಎಲ್ಲ ಸರಿಪಡಿಸಲಾಗಿದೆ. ದಯವಿಟ್ಟು ಎಲ್ಲರೂ ಪುನಃ ತೆರೆದು ನೋಡಿ.’ ಇನ್ನು ಯಾರ ಆಕ್ಷೇಪಣೆಯೂ ಬೇಡವೆಂದು ಎರಡೂ ಫೋನುಗಳ ಬಾಯಿ ಮುಚ್ಚಿದ. ಉಂಡು, ಜಗಲಿಯಲ್ಲಿ ಚಾಪೆ ಹಾಸಿ, ನೊಣ ಬರುತ್ತದೆಂದು ಬಿಳಿಯ ಪಂಚೆಯನ್ನು ತಲೆತನಕ ಹೊದ್ದು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದ.

ಎಲ್ಲರೂ ಪುನಃ ತೆರೆದು ನೋಡಿದರು.

ಅವನಿಗೆ ಎಚ್ಚರವಾದದ್ದು ಅಂಗಳದಲ್ಲಿ ಟೆಂಪೋ ನಿಂತ ಸದ್ದಿಗೆ. ಕಣ್ಣು ಬಿಡುವುದರೊಳಗೆ ಒಂದು ಟೆಂಪೋ ತುಂಬ ಹೆಂಗಸರ ಅಳು ಜಗಲಿ ಹತ್ತಿ ಬಂತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು.

“ಅಯ್ಯೋ ನನ್ನ ಅಳಿಯಾ. ನನ್ನ ಹೆಸರು ಪೂರ್ತಿ ಹಾಕೂಕೆ ಹೋಗಿ ನೀನೇ ಪೂರ್ತಿ ಆಗಿ ಹೋದ್ಯಲ್ಲೋ.”

ರಮಾನಂದ ಪಂಚೆಯ ಒಳಗೆ ಮರಗಟ್ಟಿದ. ಏನಾಗಿದೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಕೂಡಲೇ, ಈಗ ಎದ್ದು ಕೂತರೆ ಈ ಮುದುಕಿಯ ಗತಿಯೇನು ಎಂಬ ಭಯ ಹಿಡಿಯಿತು. ಎದೆ ಒಡೆದುಕೊಂಡು ಸತ್ತರೆ? ಸಾಯದಿದ್ದರೆ ಇನ್ನೂ ಕಷ್ಟ. ಇಷ್ಟು ಜನರೆದುರು ಸುಳ್ಳಿಗೆ ಅಳಿಸಿದ್ದಕ್ಕೆ ಅವಳು ಮದುವೆಗಿರಲಿ, ಈ ಜನ್ಮದಲ್ಲಿ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಎಣ್ಣೆ ಅರಿಶಿನ ಹೋಯಿತು, ಮಾದೇವಿ ಹೋದಳು. ಅವನು ಉಸಿರು ಬಿಗಿಹಿಡಿದ.

ನಾಗಿ ಅತ್ತೆ ತಲೆಯ ಹತ್ತಿರ ಕೂತಳು. “ನಾನು ಬತ್ತಿದ್ದೆನಲ್ಲೋ. ಎರಡನೇ ಸಲ ಕರೀಲಿ ಅಂತ ಕೂತಿದ್ದೆ, ಅಷ್ಟೇ ಅಲ್ವನೋ. ಸೀರೆ ತೆಗೆದು ಗಾಳಿಗೆ ಹಾಕಿಟ್ಟಿದ್ದೆನಲ್ಲೋ. ನಮ್ಮ ಹುಡುಗಿಗೆ ನೀನು ಒಂದು ಪೆಟ್ಟು ಹೊಡೆದವನಲ್ಲ. ಅವಳ ಈಗಿನ ಬಾಯಿ ನಾನಾದ್ರೂ ತಡ್ಕೊಳ್ತಿರಲಿಲ್ಲ, ನೀನು ತಡ್ಕೊಂಡ್ಯಲ್ಲೋ. ಅವಳು ಮಾತಾಡೂದು ಯಾಕೆ ಗೊತ್ತುಂಟೇನೋ ನಿಂಗೆ? ತಾಯಿ ಹೋದ ಮೇಲೆ ವರ್ಷಗಟ್ಟಲೆ ಬಾಯೇ ಬಿಡಲಿಲ್ಲ ಅದು. ನಿನ್ನ ಮನೆಗೆ ಬಂದ ಮೇಲೆ ಮಾತು ಕಲೀತು. ಮೊದಲ ಸಲ ತವರಿಗೆ ಬಂದಾಗ ಹೇಳ್ತು, ಅತ್ತೆ, ಆ ಮನೇಲಿ ಒಬ್ಬ ಮನುಷ್ಯ ಇದ್ದಾನೆ, ನಾ ಮಾತಾಡಿದ್ರೆ ಕೂತ್ಕೊಳ್ತಾನೆ, ಎದ್ದು ಹೋಗೂದಿಲ್ಲ ಅಂತ.”

ಇದನ್ನು ರಮಾನಂದ ಯಾರಿಂದಲೂ ಕೇಳಿರಲಿಲ್ಲ. ಮಾದೇವಿ ಹೇಳಲು ಹೊರಟಿದ್ದಳೋ ಏನೋ, ನಡುವೆ ಎಲ್ಲೋ ‘ಆತು’ ಬಿದ್ದಿರಬೇಕು. ಈಗ ಮೊದಲ ಸಲ ಒಬ್ಬರ ಮಾತನ್ನು ತುದಿತನಕ ಕೇಳುವ ಪ್ರಸಂಗ ಬಂದಿತ್ತು. ಹೆಣಕ್ಕೆ ‘ಆತು’ ಅನ್ನಲು ಬರುವುದಿಲ್ಲ.

ನಾಗಿ ಅತ್ತೆಯ ನೆರೆಯ ಹೊನ್ನಿ ತಲೆಯ ಹತ್ತಿರ ಇಡಲು ದೀಪ ಹುಡುಕುತ್ತ ಒಳಗೆ ಹೋದಳು. ಯಾರೋ ತೆಂಗಿನಕಾಯಿ ಎಲ್ಲಿ ಎಂದು ಕೇಳಿದರು. ಇನ್ನು ಸ್ವಲ್ಪ ಹೊತ್ತಿಗೆ ಸ್ನಾನಕ್ಕೂ ಎತ್ತುತ್ತಾರೆಂದು ಲೆಕ್ಕ ಹಾಕಿ ರಮಾನಂದ ಬೆವರುತ್ತಿರುವಾಗ ಅಂಗಳದಲ್ಲಿ ರಿಕ್ಷಾ ನಿಂತಿತು. ಮಾದೇವಿಯ ಚಪ್ಪಲಿಯ ಸದ್ದು ಜಗಲಿಯ ಮೆಟ್ಟಿಲಲ್ಲಿ ನಿಂತುಬಿಟ್ಟಿತು. ಅವಳ ಕೈಯಿಂದ ರವಿಕೆಯ ಚೀಲ ಬಿದ್ದದ್ದು ಕೇಳಿಸಿತು. ಧನ್ಯಾ “ಅಪ್ಪಾ” ಅಂದಳು.

ಆ ದನಿಗೆ ಪಂಚೆಯ ಹೊರಗಿದ್ದ ರಮಾನಂದನ ಕಾಲಿನ ಹೆಬ್ಬೆರಳು ಅಲ್ಲಾಡಿತು.

ಮಾದೇವಿ ಆ ಹೆಬ್ಬೆರಳನ್ನು ಬಲ್ಲಳು. ನೀರು ಸೇದಬೇಕಾದಾಗ, ಕಾಯಿ ಸುಲಿಯಬೇಕಾದಾಗ, ಅವನು ನಿದ್ದೆ ನಟಿಸಿದಾಗಲೆಲ್ಲ ಹಾಗೇ ಅಲ್ಲಾಡುತ್ತಿತ್ತು. ಅವಳು ಬಂದು ಗೋಡೆಗೆ ಒರಗಿ ಕೂತಳು.

“ಏಳಿ,” ಅಂದಳು. “ಒಲೆಗೆ ಬೆಂಕಿ ಹಾಕಿ.”

ರಮಾನಂದ ಎದ್ದು ಕೂತ. ಹೊನ್ನಿ ಹೊತ್ತಿಸಿ ತಂದಿದ್ದ ದೀಪವನ್ನು ಅಲ್ಲೇ ಬಿಟ್ಟು ಓಡಿದಳು. ನಾಗಿ ಅತ್ತೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಅಳಿಯನನ್ನು ತಲೆಯಿಂದ ಕಾಲಿನವರೆಗೆ ಬೆರಳಲ್ಲಿ ಅಳೆಯುವವಳ ಹಾಗೆ ನೋಡಿದಳು.

“ಎಷ್ಟು ಹೊತ್ತಿಂದ ಕೇಳ್ತಿದ್ದೆ?”

“ಮೊದಲಿಂದ, ಅತ್ತೆ.”

“ಪೂರ್ತಿ ಕೇಳಿದ್ಯಾ?”

“ಪೂರ್ತಿ.”

“ಹಂಗಾರೆ ಎರಡನೇ ಸಲ ಕರಿ.”

ರಮಾನಂದ ಚಾಪೆಯ ಮೇಲೇ ಕೈಮುಗಿದು ಕರೆದ. ನಾಗಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಬರುತ್ತೇನೆ ಅಂದಳು. ಆದರೆ ಒಂದು ಮಾತು. ಹೆಣದ ಮುಂದೆ ಅತ್ತವರು ಮೀಯದೆ ಇನ್ನೊಂದು ಹೊಸಿಲು ದಾಟುವ ಹಾಗಿಲ್ಲ. ಹೆಣ ಎದ್ದು ಕೂತಿತೆಂದು ಅತ್ತದ್ದು ಸುಳ್ಳಾಗುವುದಿಲ್ಲ. ಟೆಂಪೋದಲ್ಲಿ ಬಂದ ಅಷ್ಟೂ ಹೆಂಗಸರಿಗೆ ಬಿಸಿನೀರು ಆಗಬೇಕು, ಆಮೇಲೆ ಊಟ. ನೀರು ಯಾರು ಸೇದುವುದು ಎಂಬ ಪ್ರಶ್ನೆಯೇ ಬರಲಿಲ್ಲ. ದಿವಂಗತನು ಬಾವಿಕಟ್ಟೆಯಲ್ಲಿ ನಿಂತು ಹೊತ್ತು ಮುಳುಗುವ ತನಕ ಕೊಡ ಎಳೆದ. ನಡುವೆ ಹಾರ ಹಿಡಿದುಕೊಂಡು ಬಂದ ಪೇಟೆಯ ಗಿರಾಕಿಗಳಿಗೆ ಅಲ್ಲಿಂದಲೇ ಕೈಬೀಸಿ, “ಇದ್ದೇನೆ, ಇದ್ದೇನೆ” ಎಂದು ಹೇಳುತ್ತಿದ್ದ. ಮಾದೇವಿ ಅಂಗಳದಲ್ಲಿ ನಿಂತು ಭಟ್ಕಳದ ಬೀಗರಿಗೆ ಫೋನಿನಲ್ಲಿ ಎಲ್ಲವನ್ನೂ ಮೊದಲಿನಿಂದ ವಿವರಿಸುತ್ತಿದ್ದಳು, ರವಿಕೆಯ ಅಳತೆಯಿಂದ ಶುರುಮಾಡಿ. ಯಾರೂ ‘ಆತು’ ಅನ್ನಲಿಲ್ಲ.

ಮದುವೆಯಾಯಿತು. ಮೊದಲ ಅರಿಶಿನ ನಾಗಿ ಅತ್ತೆಯೇ ಹಚ್ಚಿದಳು. ಪುಟದಲ್ಲಿ ಅವಳ ಹೆಸರು ಎರಡು ಸಾಲಿನಲ್ಲಿ ಮಾವಳ್ಳಿಯ ಸಮೇತ ನಿಂತಿತ್ತು. ತಿಮ್ಮನದಕ್ಕಿಂತ ಒಂದು ಉಗುರು ಉದ್ದ.

ಆಮೇಲಿನ ಮಳೆಗಾಲ ಕಳೆದು, ಬೋಟುಗಳು ಮತ್ತೆ ಕಡಲಿಗೆ ಇಳಿದು, ಬಂಗಡೆ ಬರತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ, ಅದೇ ಅವನ ಕೊನೆಯದು, ರಮಾನಂದ ಅಂಗಡಿಗೆ ಹೋಗುವ ಮೊದಲು ಹಿತ್ತಲಿನ ಬಾಗಿಲಲ್ಲಿ ಚಹಾ ಹಿಡಿದು ಕೂತಿದ್ದ. ಎದೆಯಲ್ಲಿ ಏನೋ ಹಿಡಿದ ಹಾಗಿದೆ ಎಂದು ಹೇಳಿದ್ದನಂತೆ. ಅವನು ದಿನಕ್ಕೊಂದು ಹಾಗೆ ಹೇಳುತ್ತಿದ್ದವನಾದ್ದರಿಂದ ಮಾದೇವಿ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಕಟ್ಟೆಯ ಮೇಲೆ ಮೀನು ಕೊಯ್ಯುತ್ತ ಮಾತಾಡುತ್ತಿದ್ದಳು. ಧನ್ಯಾ ಹಿಂದಿನ ದಿನ ಭಟ್ಕಳದಿಂದ ಫೋನು ಮಾಡಿದ್ದು, ಅವಳ ಅತ್ತೆ ಮನೆಯಲ್ಲಿ ಸಾರಿಗೆ ತೆಂಗು ಕಡಿಮೆ ಹಾಕುವುದು, ಅದರಿಂದ ನಾಗಿ ಅತ್ತೆಯ ಕೈಯ ಸಾರು, ಅಲ್ಲಿಂದ ತಾನು ಸಣ್ಣವಳಿದ್ದಾಗ ಅವಳ ಬುಟ್ಟಿಯ ಹಿಂದೆ ಮುರ್ಡೇಶ್ವರದ ತನಕ ನಡೆದದ್ದು, ದಾರಿಯಲ್ಲಿ ಒಂದು ಮನೆಯಲ್ಲಿ ತನಗೊಬ್ಬಳಿಗೇ ಬೆಲ್ಲ ಕೊಟ್ಟದ್ದು. ಅಷ್ಟರಲ್ಲಿ ಬೆಕ್ಕು ಬಂತು. ಅವಳು ಮಾತು ನಿಲ್ಲಿಸಿ ಬೆಕ್ಕನ್ನು ಓಡಿಸಲು ಎದ್ದಳು. ತಿರುಗಿ ಬಂದು ಕೂತು, ಎಲ್ಲಿಗೆ ಬಿಟ್ಟಿದ್ದೆ ಎಂದು ಮರೆತು ಇನ್ನೊಂದು ಮೀನು ಕೈಗೆತ್ತಿಕೊಂಡಳು.

ರಮಾನಂದ ಚಹಾದ ಲೋಟವನ್ನು ಕೆಳಗಿಟ್ಟು, ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಕೇಳಿದ.

“ಬೆಲ್ಲ ಕೊಟ್ರು. ಮುಂದೆ?”